ನಾಲ್ಕನೆಯ ಸಾಲು ದಾಟಿದ್ದು

ನನ್ನ ಕೈಗೆ ಗಿಟಾರು ಒಲಿಯುವುದಿಲ್ಲ ಎಂದು ಮೊದಲು ಹೇಳಿದವನು ನನ್ನ ಸೋದರಮಾವ. ಗುಟ್ಟಾಗಿ ಏನೂ ಹೇಳಲಿಲ್ಲ. ಮಿಯಾಪುರದ ಅಂಗಡಿಯಿಂದ ಅದನ್ನು ತಂದು ಮಂಚದ ಮೇಲೆ ಮಲಗಿಸಿದ ದಿನವೇ, ಬಸಿಯಲ್ಲಿ ಚಹಾ ಸುರಿದುಕೊಂಡು ಊದುತ್ತ, ಅವ್ವನ ಎದುರಿಗೇ ಹೇಳಿದ.

"ಏ ಯವ್ವಾ, ಇದು ದೊಡ್ಡಮಂದಿ ಮಕ್ಕಳ ಆಟಿಗಿ. ನಮ್ಮ ಕೈ ನೋಡು, ಉಸುಕು ಹೊತ್ತ ಕೈ. ಇದರಾಗ ಹಾಡು ಹೊಂಡತೈತೇನು?"

"ನಾ ಎಲ್ಲಿ ಉಸುಕು ಹೊತ್ತೀನಿ ಮಾಮಾ?"

"ನಿಮ್ಮವ್ವ ಹೊತ್ತಾಳಲ್ಲ. ರಕ್ತದಾಗ ಇಳೀತೈತಿ ಅದು."

ಅವ್ವ ನಕ್ಕಳು. ನನಗೆ ನಗು ಬರಲಿಲ್ಲ. ಅಪ್ಪ ಹೋದ ಮೇಲೆ ನಮ್ಮನ್ನು ಸೇಡಂ ಕಡೆಯ ಹಳ್ಳಿಯಿಂದ ಹೈದರಾಬಾದಿಗೆ ಕರೆತಂದು, ತನ್ನ ಗುಂಪಿನಲ್ಲಿ ಅವ್ವನಿಗೆ ಕೆಲಸ ಕೊಟ್ಟವನು ಇದೇ ಮಾವ. ಅವನು ಮೇಸ್ತ್ರಿ. ಗೋಡೆ ಸೊಟ್ಟಗಿದೆ ಎಂದರೆ ಸೊಟ್ಟಗಿದೆ, ಅಷ್ಟೇ. ಅವನ ಮಾತಿಗೆ ಎದುರಾಡುವವರು ನಮ್ಮಲ್ಲಿ ಇರಲಿಲ್ಲ. ನನ್ನ ಡಿಗ್ರಿಯ ಬಗ್ಗೆಯೂ ಅವನು ಹೀಗೆಯೇ ತೀರ್ಪು ಕೊಟ್ಟಿದ್ದ: "ನಮ್ಮ ಮನಿತನದಾಗ ಹತ್ತನೇತ್ತೆ ದಾಟಿದವರಿಲ್ಲ. ಈಕಿ ಬಿಎಸ್ಸಿ ಮಾಡತಾಳಂತ!" ನಾನು ಬಿಎಸ್ಸಿ ಮಾಡಿದೆ. ಮಾಡಿದ ದಿನ ಕೆಲಸಗಾರರ ಶೆಡ್ಡಿನಿಂದ ಶೆಡ್ಡಿಗೆ ಪೇಢೆ ಹಂಚಿ, "ನಾ ಮೊದಲ ಹೇಳಿದ್ದೆ, ಈ ಹುಡುಗಿ ತಲಿ ಬ್ಯಾರೇನ ಐತಿ" ಎಂದು ಸಾರಿದವನೂ ಅವನೇ. ಹಾಗಾಗಿ ಗಿಟಾರಿನ ಮಾತನ್ನು ನಾನು ಅಷ್ಟು ಮನಸ್ಸಿಗೆ ಹಚ್ಚಿಕೊಳ್ಳಬೇಕಾಗಿರಲಿಲ್ಲ. ಆದರೆ ಎರಡು ವರ್ಷ ಕಳೆಯುವಷ್ಟರಲ್ಲಿ ಆ ಮಾತನ್ನು ಹೇಳುತ್ತಿದ್ದವಳು ನಾನೇ ಆಗಿದ್ದೆ.

ಗಿಟಾರೇ ಯಾಕೆ ಎಂದು ಕೇಳಿದವರಿಗೆಲ್ಲ ಸುಮ್ಮನೆ ಹವ್ಯಾಸ ಎನ್ನುತ್ತಿದ್ದೆ. ಮಿಯಾಪುರದಲ್ಲಿ ದೊಡ್ಡ ದೊಡ್ಡ ಅಪಾರ್ಟ್‌ಮೆಂಟುಗಳು ಏಳುತ್ತಿದ್ದಾಗ ನಾವು ಅಲ್ಲೇ ತಗಡಿನ ಶೆಡ್ಡಿನಲ್ಲಿದ್ದೆವು. ಒಂದು ಬ್ಲಾಕು ಮುಗಿದು ಜನ ಬಂದಿದ್ದರು, ಪಕ್ಕದ್ದು ಇನ್ನೂ ಕಂಬದ ಮಟ್ಟದಲ್ಲಿತ್ತು. ಮುಗಿದ ಬ್ಲಾಕಿನ ಒಂದು ಬಾಲ್ಕನಿಯಲ್ಲಿ ಸಂಜೆಯಾದರೆ ಯಾರೋ ಗಿಟಾರು ನುಡಿಸುವರು. ಒಣಹಾಕಿದ ಬಟ್ಟೆಗಳ ಹಿಂದೆ ಮೊಣಕೈ ಮಾತ್ರ ಕಾಣುತ್ತಿತ್ತು. ನಾನು ನಲ್ಲಿಯ ಸಾಲಿನಲ್ಲಿ ಕೊಡ ಇಟ್ಟು ಕೇಳುತ್ತ ನಿಲ್ಲುತ್ತಿದ್ದೆ, ನನ್ನ ಸರದಿ ತಪ್ಪಿಹೋದರೂ ತಿಳಿಯುತ್ತಿರಲಿಲ್ಲ. ಮುಂದೆ ಪಟಾನ್‌ಚೆರುವಿನ ಒಂದು ಔಷಧ ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸ ಸಿಕ್ಕಿತು. ಮೊದಲು ಮನೆಗೊಂದು ಗಟ್ಟಿ ಸೂರು, ಆಮೇಲೆ ತಮ್ಮನ ಓದು, ಆಮೇಲೆ ಅವ್ವನ ಮೊಣಕಾಲಿನ ಆಪರೇಷನ್ನು. ಅವೆಲ್ಲ ಮುಗಿದ ಮೇಲೆ ಉಳಿದದ್ದು ಇದೊಂದು. ಯಾರ ಹೊಟ್ಟೆಗೂ, ಯಾರ ಓದಿಗೂ, ಯಾರ ಕಾಯಿಲೆಗೂ ಸಂಬಂಧವಿಲ್ಲದ, ಬರೀ ನನ್ನದೇ ಆದ ಒಂದು ಆಸೆ. ಇದು ಆಗದೆ ಹೋದರೆ ನನಗಾಗಿ ನಾನು ಏನೂ ಮಾಡಿಕೊಂಡಂತೆ ಆಗುವುದಿಲ್ಲ ಎಂದು ಒಳಗೊಳಗೇ ಅನ್ನಿಸುತ್ತಿತ್ತು.

ಮೊದಲ ವರ್ಷ ಚೆನ್ನಾಗಿಯೇ ಹೋಯಿತು. ಭಾನುವಾರದ ಕ್ಲಾಸು ಮಿಯಾಪುರದ ಮೆಟ್ರೋ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ. ಮೇಷ್ಟ್ರು ತಾರ್ನಾಕದಿಂದ ಮೆಟ್ರೋ ಬದಲಿಸಿ ಬರುತ್ತಿದ್ದ ವಯಸ್ಸಾದ ಮನುಷ್ಯ, ಸಿಟ್ಟು ಬಂದರೂ ದನಿ ಏರಿಸದವರು. ಕ್ಲಾಸಿನಲ್ಲಿ ನನ್ನನ್ನು ಬಿಟ್ಟರೆ ಉಳಿದವರೆಲ್ಲ ಶಾಲೆಯ ಮಕ್ಕಳು. ಬೆರಳ ತುದಿ ಸುಲಿದು ಗಟ್ಟಿಯಾಯಿತು, ಕಾರ್ಡು ಎನ್ನುವ ಸ್ವರಗುಚ್ಛದ ಸುಲಭದ ಹಿಡಿತಗಳು ಕೂತವು, ನಾನು ಹಿಗ್ಗಿದೆ. ಆಮೇಲೆ ಎಫ್ ಎಂಬ ಹಿಡಿತ ಬಂತು. ತೋರುಬೆರಳನ್ನು ಅಡ್ಡಕ್ಕೆ ಮಲಗಿಸಿ ಆರೂ ತಂತಿಗಳನ್ನು ಒಂದೇ ಸಲ ಒತ್ತಬೇಕು. ಉಳಿದ ಬೆರಳುಗಳು ಅದರ ಮುಂದೆ ಮೂರು ಕಡೆ ಕೂರಬೇಕು. ಒತ್ತಿದರೆ ಹಾಡಿನ ಬದಲು ಹಲಗೆಯ ಮೇಲೆ ಮೊಳೆ ಹೊಡೆದಂಥ ಶಬ್ದ. ಗಿಟಾರಿನ ಗ್ರೇಡ್ ಪರೀಕ್ಷೆಗೆಂದು ಕಲಿಯುತ್ತಿದ್ದ ತುಣುಕಿನಲ್ಲಿ ಈ ಎಫ್ ಬರುತ್ತಿದ್ದದ್ದು ನಾಲ್ಕನೆಯ ಸಾಲಿನಲ್ಲಿ. ಒಂದು, ಎರಡು, ಮೂರು ಸಾಲು ಹರಿಯುವ ನೀರು. ನಾಲ್ಕಕ್ಕೆ ಬಂದರೆ ಠಪ್. ನಿಲ್ಲುತ್ತಿದ್ದೆ. ಮತ್ತೆ ಮೊದಲಿನಿಂದ.

ಆ 'ಮತ್ತೆ ಮೊದಲಿನಿಂದ' ಎನ್ನುವುದು ನನ್ನಲ್ಲಿ ಎಲ್ಲಿಂದ ಬಂತು ಎಂದು ಹೇಳಬೇಕು. ಕಟ್ಟಡದ ಕೆಲಸದವರ ಮಕ್ಕಳಿಗೆ ಸೈಟು ಬದಲಾದರೆ ಶಾಲೆ ಬದಲು. ಕನ್ನಡ ಶಾಲೆಯಲ್ಲಿ ಅ ಆ ಕಲಿತು ಬಂದವಳು ತೆಲುಗು ಶಾಲೆಯಲ್ಲಿ ಮತ್ತೆ ಮೊದಲಿನಿಂದ ಕೂತೆ. ಅದು ಬಾಯಿಗೆ ಬರುವಷ್ಟರಲ್ಲಿ ಬೇರೆ ಸೈಟು, ಇಂಗ್ಲಿಷ್ ಶಾಲೆ, ಮತ್ತೆ ಮೊದಲಿನಿಂದ. ಕಾಲೇಜಿಗೆ ಬಂದಾಗ ಪಾಠದ ಇಂಗ್ಲಿಷು ಅರ್ಥವಾಗದೆ ಉತ್ತರಗಳನ್ನೆಲ್ಲ ಬಾಯಿಪಾಠ ಮಾಡಿದೆ. ಅರ್ಥವಿಲ್ಲದ ಬಾಯಿಪಾಠಕ್ಕೆ ನಡುವೆ ಹಿಡಿಯಲು ಕೊಂಬೆ ಇರುವುದಿಲ್ಲ. ಒಂದು ಪದ ಜಾರಿದರೆ ಮತ್ತೆ ಮೊದಲ ಪದದಿಂದಲೇ ಓಡಿಬರಬೇಕು. ಹಾಗೆ ಓಡಿ ಓಡಿಯೇ ನಾನು ನಮ್ಮ ಮನೆತನದ ಮೊದಲ ಡಿಗ್ರಿ ತಂದದ್ದು. ಲ್ಯಾಬಿನಲ್ಲೂ ಅಷ್ಟೇ. ಒಂದು ಅಳತೆಯಲ್ಲಿ ಅನುಮಾನ ಬಂದರೆ ಇಡೀ ಪರೀಕ್ಷೆ ಮೊದಲಿನಿಂದ. ಅದಕ್ಕೇ ನನಗೆ ಒಳ್ಳೆಯ ಹೆಸರಿತ್ತು. ಆ ಹಟವೇ ನನ್ನ ಆಸ್ತಿ ಎಂದುಕೊಂಡಿದ್ದೆ.

ಗಿಟಾರಿನಲ್ಲಿ ಅದರ ಫಲ ಹೀಗಾಯಿತು: ಮೊದಲ ಮೂರು ಸಾಲುಗಳನ್ನು ನನ್ನಷ್ಟು ಚಂದ ಕ್ಲಾಸಿನಲ್ಲಿ ಯಾರೂ ನುಡಿಸುತ್ತಿರಲಿಲ್ಲ, ಐದನೆಯ ಸಾಲು ಹೇಗಿದೆ ಎಂದು ನನ್ನ ಬೆರಳಿಗೆ ಗೊತ್ತೇ ಇರಲಿಲ್ಲ. ಪಕ್ಕದಲ್ಲಿ ಕೂರುತ್ತಿದ್ದ ಪುಟ್ಟ ಹುಡುಗಿಯೊಬ್ಬಳು, ಎರಡು ಜಡೆಯವಳು, ನಾನು ನಿಂತಾಗಲೆಲ್ಲ ತನ್ನ ಗಿಟಾರಿನ ಮೇಲೆ ಗಲ್ಲ ಊರಿ ತೆಲುಗಿನಲ್ಲಿ ಕೇಳುವಳು: "ಆಂಟೀ, ಮಳ್ಳೀ ಮೊದಟಿನುಂಚೇನಾ?" ಮತ್ತೆ ಮೊದಲಿನಿಂದಲೇನಾ! ಇಡೀ ಕ್ಲಾಸು ಕಿಸಕ್ಕೆನ್ನುವುದು. ಅವಳು ನನಗಿಂತ ಎಷ್ಟೋ ತಿಂಗಳು ತಡವಾಗಿ ಸೇರಿದವಳು. ತಪ್ಪುತಪ್ಪಾಗಿ ನುಡಿಸುತ್ತ, ಕಾಲು ಕುಣಿಸುತ್ತ, ನನ್ನನ್ನು ದಾಟಿ ಹೋಗಿಬಿಟ್ಟಿದ್ದಳು.

ಮೇಷ್ಟ್ರು ಸುಮ್ಮನೆ ಇರಲಿಲ್ಲ. "ಕೈಕು ರುಕ್ತೇ ಜೀ? ಯಾಕೆ ನಿಲ್ಲುತ್ತೀರಿ? ಪೂರ್ತಿ ಎಫ್ ಬರದಿದ್ದರೆ ಕೆಳಗಿನ ಎರಡು ತಂತಿ ಮಾತ್ರ ಒತ್ತಿ ಮುಂದೆ ಹೋಗಿ," ಎಂದು ಎಷ್ಟು ಸಲ ಹೇಳಿದರೋ. ನಾನು ಕೇಳಲಿಲ್ಲ. ಅರ್ಧ ಉತ್ತರ ಬರೆದು ಪಾಸಾದವಳಲ್ಲ ನಾನು. ಮೊದಲ ಸಲ ಗ್ರೇಡ್ ಪರೀಕ್ಷೆಗೆ ಕೂತಾಗ ನಾಲ್ಕನೆಯ ಸಾಲಿನಲ್ಲಿ ನಿಂತೆ, ಕ್ಷಮೆ ಕೇಳಿ ಮೊದಲಿನಿಂದ ಶುರು ಮಾಡಿದೆ, ಮತ್ತೆ ಅಲ್ಲಿಯೇ ನಿಂತೆ. ಫೇಲು. ಬದುಕಿನಲ್ಲಿ ಮೊದಲ ಫೇಲು. ಮುಂದಿನ ವರ್ಷದ ಪರೀಕ್ಷೆ ಹತ್ತಿರ ಬಂದಾಗ ಮೇಷ್ಟ್ರು ನನ್ನನ್ನು ಹೊರಗೆ ಕರೆದು, ಚಪ್ಪಲಿ ಬಿಡುವ ಜಾಗದಲ್ಲಿ ನಿಲ್ಲಿಸಿಕೊಂಡು ಮೆಲ್ಲಗೆ ಹೇಳಿದರು. ಪರೀಕ್ಷೆಯ ಬ್ಯಾಚಿನಲ್ಲಿ ಜಾಗಕ್ಕೆ ಮಕ್ಕಳು ಕಾಯುತ್ತಿದ್ದಾರಂತೆ. ಈ ಸಲ ಆದರೆ ಆಯಿತು. ಆಗದಿದ್ದರೆ ಮನಸ್ಸಿನ ಖುಷಿಗೆ ಮನೆಯಲ್ಲೇ ನುಡಿಸಿಕೊಳ್ಳಿ.

ಮನೆಗೆ ಬಂದು ಅವ್ವನಿಗೆ ಹೇಳಿದೆ, "ಈ ಸಲ ಆಗಲಿಲ್ಲಂದ್ರ ಗಿಟಾರು ಯಾರಿಗರೆ ಕೊಟ್ಟುಬಿಡತೀನಿ ಬೇ."

"ಯಾಕ, ಅನ್ನ ಕೇಳತೈತೇನು ಅದು? ಮೂಲ್ಯಾಗ ಇರಲಿ ಬಿಡು."

"ಮೂಲ್ಯಾಗ ಇಟ್ಟು ನೋಡೂದು ನನ್ನಿಂದ ಆಗೂದಿಲ್ಲ."

ಅವ್ವ ಗಿಟಾರನ್ನು ಎತ್ತಿ ಮೂಲೆಗೆ ಒರಗಿಸಿದಳು.

ಆ ತಿಂಗಳೇ ಮಾವನ ಮನೆಯ ಚಾವಣಿಗೆ ಸ್ಲ್ಯಾಬು ಹಾಕುವ ದಿನ ಬಂತು. ಆಯುಷ್ಯವೆಲ್ಲ ಊರ ಮಂದಿಯ ಸ್ಲ್ಯಾಬು ಹಾಕಿದವನು ಪಟಾನ್‌ಚೆರುವಿನ ಹಿಂದಿನ ಕಾಲೊನಿಯಲ್ಲಿ ತನ್ನದೇ ಎರಡು ಕೋಣೆ ಎಬ್ಬಿಸಿದ್ದ. ನಮ್ಮಲ್ಲಿ ಸ್ವಂತ ಸ್ಲ್ಯಾಬೆಂದರೆ ಮದುವೆಯಿದ್ದಂತೆ. ಬೀಗರು, ಊರವರು, ಜೊತೆ ಕೆಲಸದವರು ಕರೆಯದೆಯೂ ಬರುತ್ತಾರೆ. ಕೂಲಿ ಯಾರೂ ಕೇಳುವುದಿಲ್ಲ, ಮಧ್ಯಾಹ್ನಕ್ಕೆ ಕುರಿ ಊಟ. ಗಲ್ಲಿ ಕಿರಿದಾಗಿ ಕಾಂಕ್ರೀಟು ಮೇಲೆತ್ತುವ ಲಿಫ್ಟಿನ ಗಾಡಿ ಒಳಗೆ ಬರುತ್ತಿರಲಿಲ್ಲ. ಆದ್ದರಿಂದ ಕಾಂಕ್ರೀಟು ಕಲಸುವ ಯಂತ್ರದಿಂದ ಏಣಿಯ ಮೇಲಿನವರೆಗೆ ಜನರ ಸಾಲು. ಕಬ್ಬಿಣದ ಬುಟ್ಟಿ, ನಮ್ಮ ಗಮೇಲಾ, ತುಂಬಿ ಕೈಯಿಂದ ಕೈಗೆ ದಾಟಿಸುವುದು. ಯಂತ್ರಕ್ಕೆ ಕಾಯಿ ಒಡೆದ ಮೇಲೆ ಸ್ಲ್ಯಾಬು ಮುಗಿಯುವವರೆಗೆ ಸಾಲು ನಿಲ್ಲಬಾರದು. ನಿಂತರೆ ಹಾಕಿದ ಕಾಂಕ್ರೀಟು ಬಿಗಿದುಕೊಳ್ಳುತ್ತದೆ, ಆಮೇಲೆ ಹಾಕಿದ್ದು ಅದಕ್ಕೆ ಕೂಡುವುದಿಲ್ಲ. ಮಳೆಗಾಲದಲ್ಲಿ ಸೋರುವುದು ಆ ಸಂದಿಯಲ್ಲೇ.

ಕ್ಲಾಸು ತಪ್ಪಿಸಿ ನಾನೂ ಸಾಲಿನಲ್ಲಿ ನಿಂತೆ. ಅವ್ವ ಮೊಣಕಾಲಿನ ಕಾರಣಕ್ಕೆ ಅಡುಗೆಯ ಕಡೆ. ಮಾವ ಮೇಲೆ, ಹಲಗೆಯ ಅಂಚಿನಲ್ಲಿ, ತಲೆಗೆ ಟವೆಲು ಸುತ್ತಿ ನಿಂತಿದ್ದ. ಆರಂಭದಲ್ಲಿ ನನ್ನ ಕೈ ಸರಿಯಾಗಿಯೇ ಓಡಿತು. ಆಮೇಲೊಂದು ಗಮೇಲಾ ಬೆವರಿದ ಕೈಯಿಂದ ಜಾರಿ ಕಾಲ ಬಳಿ ಬಿತ್ತು. ಕಾಂಕ್ರೀಟು ಚೆಲ್ಲಿತು. ನಾನು ಬಗ್ಗಿ ಎರಡೂ ಕೈಯಿಂದ ಬಳಿದು ಮತ್ತೆ ತುಂಬತೊಡಗಿದೆ. ನನ್ನ ಹಿಂದಿನವಳು ತುಂಬಿದ ಗಮೇಲಾ ಹಿಡಿದು ನಿಂತಳು, ಅವಳ ಹಿಂದಿನವನು ನಿಂತ, ಹಾಗೆ ಸಾಲು ಯಂತ್ರದವರೆಗೂ ನಿಂತುಹೋಯಿತು.

ಮೇಲಿನಿಂದ ಗುಡುಗು ಬಂತು. "ಏ ಡಿಗ್ರಿ! ಏನು ಮಾಡಾಕತ್ತಿ ಅಲ್ಲಿ?"

"ಚೆಲ್ಲೇತಿ ಮಾಮಾ! ತುಂಬಾಕತ್ತೀನಿ!"

"ಬಿದ್ದದ್ದು ಬಿದ್ದಹೋತು, ಅದರ ತಿಥಿ ಮಾಡತಿಯೇನು? ಬರೂದು ಹಿಡಿ! ನನ್ನ ಮನಿ ಸೋರಸಬ್ಯಾಡ!"

ಹಿಂದಿನವಳು ಗಮೇಲಾ ನನ್ನ ಕೈಗೆ ತುರುಕುತ್ತ, "ಸಾರಿಗಿ ಉಪ್ಪು ಕಮ್ಮಿ ಆದ ಬೀಗರಗತೆ ಒದರತಾನ ನೋಡವ್ವ ನಿಮ್ಮ ಮಾವ," ಎಂದಳು. ಸಾಲು ನಗುತ್ತ ಮತ್ತೆ ಓಡಿತು.

ಆಮೇಲೆಯೂ ಎಷ್ಟೋ ಗಮೇಲಾ ಬಿದ್ದವು. ನನ್ನ ಕೈಯಿಂದಷ್ಟೇ ಅಲ್ಲ, ನುರಿತವರ ಕೈಯಿಂದಲೂ. ಯಾರೂ ಬಗ್ಗಲಿಲ್ಲ. ಕಣ್ಣು ಕೂಡ ಹಾಯಿಸಲಿಲ್ಲ. ಸಂಜೆಗೆ ಮುಂಚೆ ಸ್ಲ್ಯಾಬು ತುಂಬಿತು. ಮಾವ ಮಟ್ಟಗೋಲು ಎಳೆದು ನುಣ್ಣಗೆ ಮಾಡಿದ ಮೇಲೆ ನಾನು ಏಣಿ ಹತ್ತಿ ನೋಡಿದೆ. ಎಲ್ಲಿ ಎಷ್ಟು ಬಿದ್ದಿತ್ತು, ಯಾರು ತಡವರಿಸಿದ್ದರು, ಅಲ್ಲಿ ಏನೂ ಬರೆದಿರಲಿಲ್ಲ. ಒಂದು ಪೂರ್ತಿ ಸ್ಲ್ಯಾಬು ಇತ್ತು.

ಮರುದಿನ ನನಗೆ ಮಧ್ಯಾಹ್ನದ ಪಾಳಿ. ಬೆಳಿಗ್ಗೆ ಭುಜ ನೋಯುತ್ತಿತ್ತು, ಆದರೂ ಗಿಟಾರು ತೊಡೆಯ ಮೇಲೆ ಇಟ್ಟುಕೊಂಡೆ. ಒಂದು, ಎರಡು, ಮೂರು. ನಾಲ್ಕರಲ್ಲಿ ಠಪ್. ಕೈ ತಾನಾಗಿ ಮೊದಲ ಸಾಲಿನ ಕಡೆ ಹೊರಟಿತು. ಹಿಂದಿನ ದಿನ ನೆಲಕ್ಕೆ ಬಗ್ಗಿ ಬಳಿಯಲು ಹೊರಟ ಕೈಯೇ ಅದು. ನನಗೆ ಕಣ್ಣಾರೆ ಕಂಡಿತು. ಕೈ ತಡೆದೆ. ಸತ್ತ ಎಫ್ ಅನ್ನು ಅಲ್ಲಿಯೇ ಬಿಟ್ಟು, ಹಿಂದೆಂದೂ ನುಡಿಸದ ಐದನೆಯ ಸಾಲಿಗೆ ಬೆರಳು ಎಳೆದುಕೊಂಡು ಹೋದೆ. ಏನು ನುಡಿಸಿದೆನೋ ದೇವರಿಗೇ ಗೊತ್ತು. ಅರ್ಧ ಸ್ವರಗಳು ಹೂತುಹೋದವು, ಅರ್ಧ ಬೇರೆ ಎಲ್ಲೋ ಬಿದ್ದವು. ಆದರೆ ಕಾಲು ತಾಳ ಬಿಡಲಿಲ್ಲ. ಆರು, ಏಳು, ಎಂಟು. ಕೊನೆಯ ಹಿಡಿತ ಹಿಡಿದು ತಂತಿಗಳನ್ನು ಒಮ್ಮೆ ಮೇಲಿನಿಂದ ಕೆಳಗೆ ಎಳೆದೆ. ಅದು ಕೋಣೆಯಲ್ಲಿ ನಿಧಾನಕ್ಕೆ ಆರಿತು.

ಅವ್ವ ಕೈಯಲ್ಲಿ ರೊಟ್ಟಿಯ ಹಿಟ್ಟು ಮೆತ್ತಿಕೊಂಡೇ ಬಾಗಿಲಿಗೆ ಬಂದಳು.

"ಯಾಕ, ಏನಾತು?"

"ಏನಾತು ಅಂದ್ರ? ಮುಗೀತು."

"ಅಯ್ಯ! ಆ ಹಾಡಿಗಿ ಕೊನೀನೂ ಐತೇನು? ನಾ ಅಷ್ಟ ಇರೂದು ಅಂತ ತಿಳದಿದ್ದೆ!"

ನಾನು ನಕ್ಕದ್ದಕ್ಕೆ ಗಿಟಾರು ತೊಡೆಯಿಂದ ಜಾರಿತು. ವರ್ಷಕ್ಕೂ ಮೇಲೆ ಆ ಮೂರು ಸಾಲು ಕೇಳುತ್ತ ರೊಟ್ಟಿ ಬಡಿದವಳು ಅವಳು. ಹಾಡು ಎಂದರೆ ಮೂರು ಸಾಲು ಮತ್ತು ಒಂದು ಠಪ್ ಎಂದುಕೊಂಡಿದ್ದರೆ ಅವಳದೇನು ತಪ್ಪು?

ಅಲ್ಲಿಂದ ಮುಂದೆ ನಾನು ನನಗೊಂದು ನೇಮ ಹಾಕಿಕೊಂಡೆ. ಏನೇ ಬೀಳಲಿ, ಕೊನೆ ಮುಟ್ಟಬೇಕು. ಮುಟ್ಟಿದ ಮೇಲೆ ಬೇಕಾದರೆ ತಪ್ಪಿದ ಜಾಗವನ್ನಷ್ಟೇ ತೆಗೆದುಕೊಂಡು ಬಿಡಿಯಾಗಿ ತಿದ್ದಬೇಕು, ನುಡಿಸುವಾಗ ಬಗ್ಗುವಂತಿಲ್ಲ. ಹೇಳಿದಷ್ಟು ಸುಲಭವಾಗಿರಲಿಲ್ಲ. ತಪ್ಪನ್ನು ಹಿಂದೆ ಬಿಟ್ಟು ಹೋಗುವಾಗ ಮೈಯೆಲ್ಲ ತುರಿಸುತ್ತಿತ್ತು, ಲ್ಯಾಬಿನಲ್ಲಿ ಬರ್ನರು ಆರಿಸದೆ ಮನೆಗೆ ಬಂದ ಹಾಗೆ. ಮೇಷ್ಟ್ರು ಹೇಳಿದ್ದ ಎರಡು ತಂತಿಯ ಸಣ್ಣ ಎಫ್ ಅನ್ನೂ ಮರ್ಯಾದೆ ಬಿಟ್ಟು ಹಿಡಿದೆ. ಮುಂದಿನ ಭಾನುವಾರ ಕ್ಲಾಸಿನಲ್ಲಿ ನಾಲ್ಕನೆಯ ಸಾಲು ಬಂದಾಗ ಎರಡು ಜಡೆಯ ಹುಡುಗಿ ತನ್ನ ಪ್ರಶ್ನೆಗೆ ಬಾಯಿ ತೆರೆದಳು. ನಾನು ನಿಲ್ಲಲಿಲ್ಲ. ಅವಳ ಬಾಯಿ ಹಾಗೆಯೇ ತೆರೆದಿತ್ತು, ಎಂಟನೆಯ ಸಾಲಿನವರೆಗೆ. ಮೇಷ್ಟ್ರು ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸಿದರು, ಹಾಕಿಕೊಂಡರು, "ಔರ್ ಏಕ್ ಬಾರ್," ಎಂದರು. ಮತ್ತೊಮ್ಮೆ ನುಡಿಸಿದೆ. "ಔರ್ ಏಕ್ ಬಾರ್." ಮತ್ತೂ ಒಮ್ಮೆ.

ಪೂರ್ತಿ ಎಫ್ ಯಾವ ದಿನ ಬಂತು ಎಂದು ನನಗೆ ಗೊತ್ತಿಲ್ಲ. ನಿಂತು ನಿಂತು ಕಾದಾಗ ಬಾರದ್ದು, ನಾನು ಬಿಟ್ಟು ಮುಂದೆ ಹೋಗುತ್ತಿದ್ದಾಗ ಹಿಂದಿನಿಂದ ಬಂದು ಕೂಡಿಕೊಂಡಿತು. ಒಂದು ಬೆಳಿಗ್ಗೆ ಏಳನೆಯ ಸಾಲಿನಲ್ಲಿದ್ದಾಗ ಹೊಳೆಯಿತು: ಅಲ್ಲ, ಈಗ ನಾಲ್ಕರಲ್ಲಿ ಆರೂ ತಂತಿ ನುಡಿದವಲ್ಲ? ತಿರುಗಿ ನೋಡಲು ಆಸೆಯಾಯಿತು. ನೋಡಲಿಲ್ಲ. ಎಂಟು ಮುಗಿಸಿದೆ, ಆಮೇಲೆ ಗಿಟಾರು ಕೆಳಗಿಟ್ಟು ಅಂಗಳಕ್ಕೆ ಓಡಿ ಒಬ್ಬಳೇ ಕುಣಿದೆ. ಎದುರು ಮನೆಯ ಅಜ್ಜಿ ತೆಲುಗಿನಲ್ಲಿ, ಮಗಳಿಗೆ ಲಾಟರಿ ಹೊಡೆಯಿತೇ ಎಂದು ಅವ್ವನನ್ನು ವಿಚಾರಿಸಿದಳಂತೆ.

ಪರೀಕ್ಷೆ ತಾರ್ನಾಕದ ಒಂದು ಶಾಲೆಯಲ್ಲಿ ಇತ್ತು. ಹೊರಗಿನಿಂದ ಬಂದಿದ್ದ ಪರೀಕ್ಷಕಿ ಹತ್ತಿಸೀರೆ ಉಟ್ಟ ಹೆಂಗಸು, ಮುಖದಲ್ಲಿ ಏನೂ ತೋರಗೊಡದವರು. ಹಿಂದಿನ ವರ್ಷವೂ ಅವರೇ ಇದ್ದರು. ಕಾರಿಡಾರಿನಲ್ಲಿ ಮಕ್ಕಳ ತಾಯಂದಿರು ನನ್ನನ್ನೂ ಒಬ್ಬ ತಾಯಿಯೆಂದುಕೊಂಡು, "ನಿಮ್ಮ ಮಗು ಯಾವುದು?" ಎಂದು ಕೇಳಿದರು. ಕೈಯಲ್ಲಿನ ಗಿಟಾರು ತೋರಿಸಿದೆ. ಒಳಗೆ ಹೋಗಿ ಕೂತು ಗಿಟಾರು ತೊಡೆಗೆ ಏರಿಸಿಕೊಂಡೆ. ಶುರು ಮಾಡಿದೆ. ಮೂರು ಸಾಲು. ನಾಲ್ಕು. ಎಫ್ ಗಂಟೆಯ ಹಾಗೆ ನುಡಿಯಿತು. ಆ ಸಂತೋಷಕ್ಕೇ ಇರಬೇಕು, ಯಾವತ್ತೂ ತಪ್ಪದ ಆರನೆಯ ಸಾಲಿನಲ್ಲಿ ಬೆರಳು ಜಾರಿತು. ದೊಡ್ಡ ಕೋಣೆ, ಎತ್ತರದ ಚಾವಣಿ. ಆ ಠಪ್ ನಾಲ್ಕು ಗೋಡೆಗೂ ಬಡಿದು ಬಂತು. ಪರೀಕ್ಷಕಿಯ ಪೆನ್ನು ಕಾಗದಕ್ಕೆ ಇಳಿಯಿತು. ಮೈಯಲ್ಲಿ ಇದ್ದಬದ್ದ ಶಾಲೆಗಳೆಲ್ಲ ಒಟ್ಟಾಗಿ ಮೊದಲಿನಿಂದ, ಮೊದಲಿನಿಂದ ಎಂದು ಕೂಗಿದವು. ನನ್ನ ಕಾಲು ಮಾತ್ರ ತಾಳ ಹಾಕುತ್ತಲೇ ಇತ್ತು. ನಾನು ಕಾಲಿನ ಮಾತು ಕೇಳಿದೆ. ಏಳು, ಎಂಟು. ಕೊನೆಯ ಹಿಡಿತ, ಮೇಲಿನಿಂದ ಕೆಳಗೆ.

ಪರೀಕ್ಷಕಿ ಬರೆಯುವುದನ್ನು ಮುಗಿಸಿ ತಲೆ ಎತ್ತಿದರು. ಹೋದ ವರ್ಷ ನೀವು ಕ್ಷಮೆ ಕೇಳಿದ್ದಿರಲ್ಲ, ಎಂದು ಹಿಂದಿಯಲ್ಲಿ ಕೇಳಿದರು. ಹೌದು ಮೇಡಂ. ಈ ಸಲ ಕೇಳಲಿಲ್ಲ? ಇಲ್ಲ ಮೇಡಂ, ಪುರುಸೊತ್ತಾಗಲಿಲ್ಲ, ಎಂದೆ. ಮುಖದಲ್ಲಿ ಏನೂ ತೋರಗೊಡದ ಆ ಹೆಂಗಸು ನಕ್ಕರು. ಹೊರಗೆ ಬಂದಾಗಲೇ ಪಾಸೆಂದು ನನಗೆ ಗೊತ್ತಿತ್ತು.

ಪಾಸಾದವರಿಗೆ ಸರ್ಟಿಫಿಕೇಟು ಕೊಡಲು ಮೇಷ್ಟ್ರು ಮಿಯಾಪುರದ ಒಂದು ಅಪಾರ್ಟ್‌ಮೆಂಟಿನ ಕ್ಲಬ್ ಹೌಸಿನಲ್ಲಿ ಸಣ್ಣ ಕಾರ್ಯಕ್ರಮ ಇಟ್ಟಿದ್ದರು. ಅವ್ವ ಹೊಸ ಇಳಕಲ್ ಸೀರೆ ಉಟ್ಟು ಬಂದಳು. ಮಾವ ಇಸ್ತ್ರಿಯ ಬಿಳಿ ಅಂಗಿ ತೊಟ್ಟು, ಕರೆಯದೆಯೇ ಮೊದಲ ಸಾಲಿನಲ್ಲಿ ಕೂತು, ಪಕ್ಕದವರಿಗೆಲ್ಲ ಹೇಳುತ್ತಿದ್ದ: "ನಮ್ಮ ತಂಗಿ ಮಗಳ್ರಿ. ಫ್ಯಾಕ್ಟರ್‍ಯಾಗ ಆಫೀಸರು. ಸಣ್ಣಾಕಿದ್ದಾಗಿಂದ ಹಾಡಿನ ಹುಚ್ಚು ಆಕಿಗಿ, ನಾನ ಹೇಳಿದ್ದೆ ಕಲಿ ಅಂತ." ಆ ಪಕ್ಕದವರು ಕನ್ನಡ ಬಾರದಿದ್ದರೂ ತಲೆದೂಗುತ್ತ ಸಮೋಸಾ ಮುಂದೆ ಮಾಡಿದರು.

ಮಕ್ಕಳ ಹೆಸರುಗಳ ನಡುವೆ ನನ್ನ ಹೆಸರು ಬಂತು. ಎರಡು ಜಡೆಯವಳು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದಳು. ಮೇಷ್ಟ್ರು ಸರ್ಟಿಫಿಕೇಟನ್ನು ಎರಡೂ ಕೈಯಿಂದ ಹಿಡಿದು ಕೊಟ್ಟರು, ನಾನೂ ಎರಡೂ ಕೈಯಿಂದ ತೆಗೆದುಕೊಂಡೆ. ಕೆಳಗಿಳಿದು ಬಂದು ಅವ್ವನ ಮಡಿಲಲ್ಲಿ ಇಟ್ಟೆ. ಅವ್ವನಿಗೆ ಓದಲು ಬರುವುದಿಲ್ಲ. ಅಂಚಿನ ಬಂಗಾರದ ಬಣ್ಣದ ಬಳ್ಳಿಯ ಮೇಲೆ ಬೆರಳು ಆಡಿಸಿದಳು, ಸೆರಗಿನಿಂದ ಒಮ್ಮೆ ಒರೆಸಿದಳು, ಒರೆಸಲು ಅಲ್ಲಿ ಏನೂ ಇರಲಿಲ್ಲ.

"ಡಿಗ್ರಿ ನಮ್ಮೆಲ್ಲಾರ ಸಲುವಾಗಿ ತಂದಿದ್ದಿ," ಎಂದಳು. "ಇದು ಒಂದು ನಿಂದು. ಹಿಡಿ, ಒಳಗ ಇಟಗೋ. ನಿಮ್ಮ ಮಾವನ ಕೈಗೆ ಕೊಡಬ್ಯಾಡ, ಸಮೋಸಾ ತಿಂದ ಎಣ್ಣಿ ಕೈ ಐತಿ."